ಹನ್ನೊಂದರ ಹೊರಗಿನವರು: ಆಡದೆಯೂ ಕ್ರಿಕೆಟ್ಟಿನಲ್ಲಿ ದುಡಿಯುವ ದಾರಿಗಳು

ಪದವಿ ವಿದ್ಯಾರ್ಥಿಗಳಿಗೂ ಪೋಷಕರಿಗೂ ನೀಡಿದ ಉಪನ್ಯಾಸದ ಬರಹ ರೂಪ

ಆಡುವವರ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಈ ಸಭಾಂಗಣದಲ್ಲಿ ಕೂತಿರುವ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರ ತಲೆಯಲ್ಲಿರುವ ಪ್ರಶ್ನೆ ಅದೇ.

ಹುಡುಗನ ದಾರಿ ಎಲ್ಲರಿಗೂ ಗೊತ್ತಿರುವುದೇ. 16ರೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ವಿನೂ ಮಂಕಡ್ ಮತ್ತು ಕೂಚ್ ಬಿಹಾರ್, 23ರೊಳಗಿನವರಿಗೆ ಸಿ.ಕೆ. ನಾಯುಡು, ಅದಾದ ಮೇಲೆ ರಣಜಿ. 16ರ ಹಂತದಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಟಿಡಬ್ಲ್ಯು3 ವಿಧಾನದಲ್ಲಿ ಮೂಳೆಯ ವಯಸ್ಸು ನೋಡುತ್ತಾರೆ, ಆದ್ದರಿಂದ ಜನನ ಪ್ರಮಾಣಪತ್ರದ ಕಸರತ್ತು ನಡೆಯುವುದಿಲ್ಲ. ರಣಜಿ ತಂಡದ ಹನ್ನೊಂದರಲ್ಲಿ ಜಾಗ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಲೀಗ್ ಹಂತದಲ್ಲಿ 7 ಪಂದ್ಯ, ಪಂದ್ಯಕ್ಕೆ 4 ದಿನ, ಒಟ್ಟು 28 ದಿನ. 2021ರಲ್ಲಿ ಬಿಸಿಸಿಐ ಗೊತ್ತುಮಾಡಿದ ದರದಂತೆ 20 ಪಂದ್ಯದವರೆಗೆ ಆಡಿದವರಿಗೆ ದಿನಕ್ಕೆ 40,000 ರೂಪಾಯಿ, 21ರಿಂದ 40 ಪಂದ್ಯ ಆಡಿದವರಿಗೆ 50,000, 40 ದಾಟಿದವರಿಗೆ 60,000. ಹೊಸಬನೊಬ್ಬ ಏಳೂ ಪಂದ್ಯ ಆಡಿದರೆ 11.2 ಲಕ್ಷ. ಮೀಸಲು ಆಟಗಾರನಾಗಿ ಕೂತರೆ ಅದರ ಅರ್ಧ. ಕೆಟ್ಟ ದುಡ್ಡೇನಲ್ಲ. ಆದರೆ ಇಡೀ ಕರ್ನಾಟಕಕ್ಕೆ ಆ ಜಾಗ ಇರುವುದು ಹನ್ನೊಂದೇ, ಅದರಲ್ಲಿ ಒಂದು ಖಾಲಿಯಾಗಲು ಎಷ್ಟೋ ಸಲ ಒಬ್ಬರ ಬೆನ್ನು ಹಿಡಿಯಬೇಕು, ಇಲ್ಲವೇ ಒಬ್ಬರು ಭಾರತ ತಂಡಕ್ಕೆ ಹೋಗಬೇಕು.

ಅದೇ ರಣಜಿ ಪಂದ್ಯದ ದಿನ ಮೈದಾನದಲ್ಲಿ ಇಬ್ಬರು ಅಂಪೈರ್‌ಗಳು, ಒಬ್ಬ ಮ್ಯಾಚ್ ರೆಫರಿ, ಸ್ಕೋರರ್‌ಗಳು, ವಿಡಿಯೊ ವಿಶ್ಲೇಷಕರು, ಪಿಚ್ ಸಿದ್ಧಪಡಿಸುವ ಕ್ಯುರೇಟರ್ ಮತ್ತು ಅವರ ಮಂದಿ, ಎರಡೂ ತಂಡಗಳ ಕೋಚ್‌ಗಳು, ಫಿಸಿಯೊಗಳು, ಟ್ರೈನರ್‌ಗಳು, ಮಸಾಜ್ ಮಾಡುವವರು, ಮ್ಯಾನೇಜರ್‌ಗಳು ಕೆಲಸದಲ್ಲಿರುತ್ತಾರೆ. ಇವತ್ತಿನ ಮಾತು ಇವರದ್ದು. ಇವರು ಅಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿದರೆ ಒಬ್ಬೊಬ್ಬರ ಪರೀಕ್ಷೆ ಬೇರೆ, ಪದವಿ ಬೇರೆ. ಆದರೆ ಯಾರೂ ನೋಡಲು ಬಾರದ ಲೀಗ್ ಪಂದ್ಯಗಳಲ್ಲಿ ಕಡಿಮೆ ದುಡ್ಡಿಗೆ ವರ್ಷಗಟ್ಟಲೆ ದುಡಿದದ್ದು ಬಹುತೇಕ ಎಲ್ಲರಿಗೂ ಸಮಾನ. ಪರೀಕ್ಷೆ ಪಾಸಾದ ಕೂಡಲೇ ಕರೆ ಬರುತ್ತದೆ ಎಂದು ನಂಬಿ ಕಾಯುವವರೇ ಮೊದಲು ಬಿಟ್ಟುಹೋಗುವುದು.

ಬಿಳಿ ಕೋಟಿನವರು

ಅಂಪೈರ್ ಆಗಲು ಮೊದಲ ಮೆಟ್ಟಿಲು ರಾಜ್ಯ ಸಂಸ್ಥೆಯ ಪರೀಕ್ಷೆ. ನಮ್ಮಲ್ಲಿ ಅದು ಕೆಎಸ್‌ಸಿಎ, ಅಂದರೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ. ಓದಬೇಕಾದದ್ದು ಲಂಡನ್ನಿನ ಎಂಸಿಸಿ ಕ್ಲಬ್ ಪ್ರಕಟಿಸುವ ಕ್ರಿಕೆಟ್ ನಿಯಮಗಳು. ಒಟ್ಟು 42 ನಿಯಮ. ಈಗಿರುವ ಸಂಹಿತೆ ಜಾರಿಗೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ, 2022ರಲ್ಲಿ ಮತ್ತೆ ತಿದ್ದುಪಡಿಗಳಾದವು. ಹಳೆಯ ಪುಸ್ತಕ ಅಣ್ಣನ ಹತ್ತಿರ ಇದೆ ಎಂದು ಅದನ್ನೇ ಓದಿಕೊಂಡು ಹೋಗಿ ಪರೀಕ್ಷೆಯಲ್ಲಿ ಮುಗ್ಗರಿಸುವವರು ಪ್ರತಿ ಸಲವೂ ಇರುತ್ತಾರೆ.

ರಾಜ್ಯದ ಪರೀಕ್ಷೆ ಪಾಸಾದರೆ ಸಿಗುವುದು ಕೆಳಗಿನ ಡಿವಿಷನ್‌ಗಳ ಲೀಗ್ ಪಂದ್ಯ. ಬೆಳಿಗ್ಗೆ ಬಸ್ಸು ಹಿಡಿದು ಹೋಗಬೇಕು. ಅಲ್ಲಿ ಮೂರನೇ ಅಂಪೈರ್ ಇಲ್ಲ, ರಿಪ್ಲೇ ಇಲ್ಲ, ಎರಡೂ ತಂಡದವರು ಬೈಯುತ್ತಾರೆ. ಕೆಲವು ವರ್ಷ ಇದನ್ನು ಮಾಡಿ ಹೆಸರು ಗಳಿಸಿದವರನ್ನು ರಾಜ್ಯ ಸಂಸ್ಥೆ ಬಿಸಿಸಿಐ ಪರೀಕ್ಷೆಗೆ ಕಳಿಸುತ್ತದೆ. ಆ ಜರಡಿ ಎಷ್ಟು ಸಣ್ಣದು ಎನ್ನುವುದಕ್ಕೆ 2022ರಲ್ಲಿ ಅಹಮದಾಬಾದ್‌ನಲ್ಲಿ ನಡೆದ ಪರೀಕ್ಷೆ ನೋಡಿ. ಒಟ್ಟು 200 ಅಂಕ: ಬರವಣಿಗೆಗೆ 100, ಮೌಖಿಕಕ್ಕೆ 35, ವಿಡಿಯೊಗೆ 35, ದೈಹಿಕ ಕ್ಷಮತೆಗೆ 30. ಪಾಸಾಗಲು 90 ಸಾಕು. ಬರೆದವರು ಸುಮಾರು 140 ಮಂದಿ, ಪಾಸಾದವರು 3.

ಪ್ರಶ್ನೆಗಳ ಸ್ವಭಾವ ಹೀಗಿತ್ತು. ಬೌಲರನ ತೋರುಬೆರಳಿಗೆ ನಿಜವಾದ ಗಾಯ, ಪಟ್ಟಿ ಬಿಚ್ಚಿದರೆ ರಕ್ತ ಬರುತ್ತದೆ. ಬೌಲಿಂಗ್ ಮಾಡುವಾಗ ಪಟ್ಟಿ ತೆಗೆಯಲು ಹೇಳುತ್ತೀರಾ? ಹೇಳಲೇಬೇಕು. ಬೌಲ್ ಮಾಡುವ ಕೈಯಲ್ಲಿ ಪಟ್ಟಿ ಇರಕೂಡದು. ಇನ್ನೊಂದು: ಪೆವಿಲಿಯನ್ನಿನ, ಮರದ ಅಥವಾ ಫೀಲ್ಡರನ ನೆರಳು ಪಿಚ್ ಮೇಲೆ ಬೀಳುತ್ತಿದೆ, ಬ್ಯಾಟ್ಸ್‌ಮನ್ ದೂರುತ್ತಾನೆ. ಏನು ಮಾಡುತ್ತೀರಿ? ಪೆವಿಲಿಯನ್ ಮತ್ತು ಮರದ ನೆರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೀಲ್ಡರನಿಗೆ ಅಲ್ಲಾಡದೆ ನಿಲ್ಲಲು ಹೇಳಬೇಕು, ಅವನು ಅಲ್ಲಾಡಿದರೆ ಡೆಡ್ ಬಾಲ್, ಅಂದರೆ ಆ ಎಸೆತ ಲೆಕ್ಕಕ್ಕಿಲ್ಲ. ನಿಯಮವನ್ನು ಬಾಯಿಪಾಠ ಮಾಡಿದವರಿಗೆ ಇಂಥ ಕಡೆ ಕೈ ಕಟ್ಟಿಹೋಗುತ್ತದೆ. ಮೈದಾನದಲ್ಲಿ ನಿಂತು ಇಂಥದ್ದನ್ನು ಬಗೆಹರಿಸಿದವರಿಗೆ ಉತ್ತರ ತಾನಾಗಿ ಬರುತ್ತದೆ.

ಎಲ್‌ಬಿಡಬ್ಲ್ಯು ಮನವಿ ಬಂದಾಗ ಅಂಪೈರ್ ತಲೆಯಲ್ಲಿ ಓಡಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ನೋಬಾಲೇ? ಲೆಗ್ ಸ್ಟಂಪಿನ ಹೊರಗೆ ಪುಟಿಯಿತೇ? ಮೊದಲು ಬ್ಯಾಟಿಗೆ ತಗುಲಿತೇ? ಕಾಲಿಗೆ ಬಡಿದಾಗ ಸ್ಟಂಪುಗಳ ನೇರಕ್ಕಿತ್ತೇ? ಆಫ್ ಸ್ಟಂಪಿನ ಹೊರಗಿದ್ದರೆ ಬ್ಯಾಟ್ಸ್‌ಮನ್ ನಿಜವಾಗಿ ಆಡಲು ಹೋಗಿದ್ದನೇ? ಕೊನೆಗೆ, ವಿಕೆಟ್ಟಿಗೆ ಬಡಿಯುತ್ತಿತ್ತೇ? ಹೊಸಬರು ಈ ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತಾರೆ. ಚೆಂಡು ಸ್ಟಂಪಿಗೆ ಹೋಗುತ್ತಿತ್ತು ಎಂದು ಕಂಡ ಕೂಡಲೇ ಬೆರಳು ಮೇಲೇಳುತ್ತದೆ, ಅದು ಲೆಗ್ ಸ್ಟಂಪಿನ ಹೊರಗೆ ಪುಟಿದದ್ದು ಆಮೇಲೆ ನೆನಪಾಗುತ್ತದೆ. ಇನ್ನೊಂದು ತೊಂದರೆ ಕಣ್ಣಿನದು. ಬೌಲರನ ಮುಂಗಾಲು ಗೆರೆ ದಾಟಿತೇ ಎಂದು ಕೆಳಗೆ ನೋಡಿ, ತಕ್ಷಣ ಕತ್ತೆತ್ತಿ 20 ಮೀಟರ್ ಆಚೆಗೆ ದೃಷ್ಟಿ ಹಾಯಿಸಬೇಕು. ತಲೆ ಪೂರ್ತಿ ಬಗ್ಗಿಸಿದವರಿಗೆ ಚೆಂಡು ಪುಟಿದ ಜಾಗ ತಪ್ಪಿಹೋಗುತ್ತದೆ. ಆದ್ದರಿಂದ ತಲೆ ಅಲ್ಲಾಡಿಸದೆ ಕಣ್ಣುಗುಡ್ಡೆಯನ್ನಷ್ಟೇ ಇಳಿಸಿ ಎತ್ತುವ ಅಭ್ಯಾಸ ಮಾಡಿಕೊಳ್ಳಬೇಕು. ಇದನ್ನು ನೆಟ್ಸ್‌ನಲ್ಲಿ ಬೌಲರ್‌ಗಳ ಪಕ್ಕ ನಿಂತು ಕಲಿಯಬಹುದು, ಯಾರೂ ಬೇಡ ಎನ್ನುವುದಿಲ್ಲ.

ಬಿಸಿಸಿಐ ಅಂಪೈರ್‌ಗಳಲ್ಲಿ ಎ ಪ್ಲಸ್, ಎ, ಬಿ, ಸಿ, ಡಿ ಎಂಬ ಗುಂಪುಗಳಿವೆ. ಹೊಸಬರಿಗೆ ಡಿ ಗುಂಪು, ಅಂದರೆ ಮಹಿಳೆಯರ ಮತ್ತು ಕಿರಿಯರ ಪಂದ್ಯಗಳು. 2022ರ ದರದಂತೆ ಪ್ರಥಮ ದರ್ಜೆ ಪಂದ್ಯಕ್ಕೆ ಎ ಪ್ಲಸ್ ಮತ್ತು ಎ ಗುಂಪಿನವರಿಗೆ ದಿನಕ್ಕೆ 40,000, ಬಿ ಮತ್ತು ಸಿ ಗುಂಪಿನವರಿಗೆ 30,000. ಆಟಗಾರರಾಗಿದ್ದವರಿಗೆ ಈ ದಾರಿ ಸ್ವಲ್ಪ ಸಲೀಸು. ಕರ್ನಾಟಕಕ್ಕೆ ಆಡಿದ ಎ.ವಿ. ಜಯಪ್ರಕಾಶ್ ಟೆಸ್ಟ್ ಅಂಪೈರ್ ಆದರು. 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಕುಂಬ್ಳೆ ಬೌಲ್ ಮಾಡುತ್ತಿದ್ದ ತುದಿಯಲ್ಲಿ ಅಂಪೈರ್ ಆಗಿ ನಿಂತವರು ಜಯಪ್ರಕಾಶ್. 2008ರ 19ರೊಳಗಿನವರ ವಿಶ್ವಕಪ್ಪಿನಲ್ಲಿ ವಿರಾಟ್ ಕೊಹ್ಲಿ ಜೊತೆ ಆಡಿದ ತನ್ಮಯ್ ಶ್ರೀವಾಸ್ತವ 2025ರ ಐಪಿಎಲ್‌ನಲ್ಲಿ ಅಂಪೈರ್. ಅದೇ ಐಪಿಎಲ್‌ನಲ್ಲಿ ಕೊಹ್ಲಿ ಇನ್ನೂ ಬ್ಯಾಟ್ ಮಾಡುತ್ತಿದ್ದರು.

ಲೆಕ್ಕ ಬರೆಯುವವರು

ಸ್ಕೋರರ್ ಕೆಲಸವನ್ನು ನಮ್ಮ ಜನ ಹಗುರವಾಗಿ ಕಾಣುತ್ತಾರೆ. ಟೀಮಿನಲ್ಲಿ ಜಾಗ ಸಿಗದವನ ಕೈಗೆ ಪೆನ್ನು ಕೊಡುವ ಪದ್ಧತಿಯಿಂದ ಬಂದ ತಾತ್ಸಾರ ಇದು. ವಾಸ್ತವದಲ್ಲಿ ಮೈದಾನದ ಕೆಲಸಗಳಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಒಳಹೋಗಬಹುದಾದ ಬಾಗಿಲು ಇದೇ.

ನಿಯಮ 3ರ ಪ್ರಕಾರ ಇಬ್ಬರು ಸ್ಕೋರರ್‌ಗಳಿರಬೇಕು, ಅಂಪೈರ್‌ನ ಪ್ರತಿ ಸನ್ನೆಗೂ ಪ್ರತಿಸನ್ನೆ ಕೊಡಬೇಕು. ಗುರುತುಗಳು ಸರಳ: ರನ್ ಬಾರದ ಎಸೆತಕ್ಕೆ ಚುಕ್ಕೆ, ವೈಡ್‌ಗೆ ಕೂಡಿಸುವ ಚಿಹ್ನೆ, ನೋಬಾಲ್‌ಗೆ ಸೊನ್ನೆ, ಬೈಗೆ (ಚೆಂಡು ಬ್ಯಾಟಿಗೂ ದೇಹಕ್ಕೂ ತಗುಲದೆ ಬಂದ ರನ್) ತ್ರಿಕೋನ, ಲೆಗ್‌ಬೈಗೆ (ದೇಹಕ್ಕೆ ಮಾತ್ರ ತಗುಲಿ ಬಂದ ರನ್) ತಲೆಕೆಳಗಾದ ತ್ರಿಕೋನ. ಇನಿಂಗ್ಸ್ ಶುರುವಾಗುವ ಮುಂಚೆ ಅನುಭವಿ ಸ್ಕೋರರ್ ಮಾಡುವ ಮೊದಲ ಕೆಲಸ ಬ್ಯಾಟ್ಸ್‌ಮನ್‌ಗಳ ಗುರುತು ಬರೆದುಕೊಳ್ಳುವುದು. ಎಡಗೈಯವನೇ, ಪ್ಯಾಡಿನ ಪಟ್ಟಿಯ ಬಣ್ಣ ಏನು, ಬ್ಯಾಟಿನ ಗ್ರಿಪ್ ಹಸಿರೇ ಕೆಂಪೇ, ತೋಳು ಮಡಚಿದ್ದಾನೆಯೇ. ಬಿಳಿ ಬಟ್ಟೆ, ಹೆಲ್ಮೆಟ್ ಹಾಕಿದ ಇಬ್ಬರು ಬಲಗೈಯವರು 70 ಮೀಟರ್ ದೂರದಿಂದ ಒಂದೇ ತರಹ ಕಾಣುತ್ತಾರೆ. ಒಂದು ಓವರಿನಲ್ಲಿ ಇಬ್ಬರನ್ನು ಅದಲುಬದಲು ಬರೆದರೆ ಅದನ್ನು ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕು, ಆಟವಂತೂ ನಿಲ್ಲುವುದಿಲ್ಲ.

ಲೆಕ್ಕ ತಾಳೆ ನೋಡುವ ಸೂತ್ರ ಇದು. ಬ್ಯಾಟ್ಸ್‌ಮನ್‌ಗಳ ಎಲ್ಲ ರನ್ ಮತ್ತು ಇತರೆ ರನ್ ಕೂಡಿದರೆ ಒಟ್ಟು ಮೊತ್ತ ಬರಬೇಕು. ಬೌಲರ್‌ಗಳ ಖಾತೆಯ ಎಲ್ಲ ರನ್, ಬೈ, ಲೆಗ್‌ಬೈ, ದಂಡದ ರನ್ ಕೂಡಿದರೂ ಅದೇ ಮೊತ್ತ ಬರಬೇಕು. ವೈಡ್, ನೋಬಾಲ್ ಬೌಲರನ ಖಾತೆಗೆ ಹೋಗುತ್ತವೆ, ಬೈ ಮತ್ತು ಲೆಗ್‌ಬೈ ಹೋಗುವುದಿಲ್ಲ. ಎರಡೂ ದಾರಿಯಲ್ಲಿ ಒಂದು ರನ್ ವ್ಯತ್ಯಾಸ ಬಂದರೆ ಮೊದಲು ಹುಡುಕಬೇಕಾದದ್ದು ಲೆಗ್‌ಬೈಯನ್ನು ಬ್ಯಾಟ್ಸ್‌ಮನ್‌ಗೆ ಬರೆದಿದ್ದೇವೆಯೇ ಎಂಬುದು, ಆಮೇಲೆ ಶಾರ್ಟ್ ರನ್ನಿನ, ಅಂದರೆ ಗೆರೆ ಮುಟ್ಟದೆ ತಿರುಗಿದ ರನ್ನಿನ ಸನ್ನೆ. ಅಂಪೈರ್ ಬೆರಳ ತುದಿಯಿಂದ ಭುಜ ಮುಟ್ಟಿದ್ದನ್ನು ನೋಡದೆ ಎರಡು ರನ್ ಬರೆದಿರುತ್ತಾರೆ. ಪ್ರತಿ ಓವರ್ ಮುಗಿದಾಗ ಮೊತ್ತ, ವಿಕೆಟ್, ಇಬ್ಬರ ವೈಯಕ್ತಿಕ ರನ್, ಬೌಲರನ ಲೆಕ್ಕ, ಇಷ್ಟನ್ನು ಪಕ್ಕದ ಸ್ಕೋರರ್ ಜೊತೆ ಬಾಯಿಬಿಟ್ಟು ಹೇಳಿ ಹೊಂದಿಸಿಕೊಂಡರೆ ಇಂಥದ್ದು ಆರು ಎಸೆತಕ್ಕಿಂತ ಹಿಂದೆ ಹೋಗುವುದಿಲ್ಲ.

2022ರ ತಿದ್ದುಪಡಿ ಹಳಬರನ್ನೇ ಕಾಡಿತು. ಮೊದಲು ಕ್ಯಾಚ್ ಆಗುವ ಮುನ್ನ ಇಬ್ಬರೂ ಪರಸ್ಪರ ದಾಟಿದ್ದರೆ ಹೊಸ ಬ್ಯಾಟ್ಸ್‌ಮನ್ ಆ ಕಡೆಯ ತುದಿಗೆ ಹೋಗುತ್ತಿದ್ದ. ಈಗ ಓವರ್ ಮುಗಿದಿಲ್ಲವಾದರೆ ಕ್ಯಾಚ್ ಔಟಾದವನ ಬದಲು ಬಂದವನೇ ಮುಂದಿನ ಎಸೆತ ಎದುರಿಸಬೇಕು. ಬೆರಳಿಗೆ ಹಳೆಯ ರೂಢಿ ಹತ್ತಿದವರು ಈಗಲೂ ಒಮ್ಮೊಮ್ಮೆ ತಪ್ಪು ಹೆಸರಿನ ಮುಂದೆ ಚುಕ್ಕೆ ಇಡುತ್ತಾರೆ.

ಸ್ಥಳೀಯ ಟೂರ್ನಿಗಳಲ್ಲಿ ಕ್ರಿಕ್‌ಹೀರೋಸ್‌ನಂಥ ಆ್ಯಪ್ ಬಂದ ಮೇಲೆ ಮೊಬೈಲಿನಲ್ಲೇ ಸ್ಕೋರ್ ಮಾಡಿ ಒಂದಿಷ್ಟು ದುಡ್ಡು ನೋಡುವ ಹುಡುಗರಿದ್ದಾರೆ. ಒಳ್ಳೆಯದೇ. ಆದರೆ ಆ್ಯಪ್ ತಾಳೆಯನ್ನು ತಾನೇ ನೋಡಿಬಿಡುತ್ತದೆ, ನೀವು ತಪ್ಪು ಗುಂಡಿ ಒತ್ತಿದರೆ ತಪ್ಪೂ ಅಷ್ಟೇ ಚೆನ್ನಾಗಿ ತಾಳೆಯಾಗುತ್ತದೆ. ಕಾಗದದ ಮೇಲೆ ಬರೆಯಬಲ್ಲವರು ಮಾತ್ರ ಬೋರ್ಡ್ ಪರೀಕ್ಷೆಯತ್ತ ನೋಡಿ. 2018ರಲ್ಲಿ ಬಿಸಿಸಿಐ ಸ್ಕೋರರ್‌ಗಳ ಶುಲ್ಕವನ್ನು ದುಪ್ಪಟ್ಟು ಮಾಡಿ ದಿನಕ್ಕೆ 10,000ಕ್ಕೆ ಏರಿಸಿತು.

ಮಣ್ಣಿನ ಕೆಲಸ

ಕ್ಯುರೇಟರ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುವೆ, ಯಾಕೆಂದರೆ ಕೃಷಿ ಓದಿದವರು ಈ ಕಡೆ ತಲೆ ಹಾಕುವುದೇ ಇಲ್ಲ. ಬಿಎಸ್‌ಸಿ ಕೃಷಿಯಲ್ಲಿ ಮಣ್ಣು, ನೀರು, ಹುಲ್ಲು ಮೂರನ್ನೂ ಓದಿದವರಿಗೆ ಹೇಳಿಮಾಡಿಸಿದಂಥ ಕೆಲಸ. ಮೈದಾನಗಳೂ ಬೆಂಗಳೂರಿಗೆ ಸೀಮಿತವಲ್ಲ: ಆಲೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ನವುಲೆ, ಎಲ್ಲ ಕಡೆ ರಾಜ್ಯ ಸಂಸ್ಥೆಯ ಪಂದ್ಯಗಳು ನಡೆಯುತ್ತವೆ. ಹಿಂದೆ ದೇವನಹಳ್ಳಿ ಕಡೆಗಿದ್ದ ಖಾಲಿ ಜಾಗದಲ್ಲಿ 2024ರಲ್ಲಿ ಬಿಸಿಸಿಐ ಉತ್ಕೃಷ್ಟತಾ ಕೇಂದ್ರ ಎದ್ದಿದೆ.

ಪಿಚ್ ಅಂದರೆ 20.12 ಮೀಟರ್ ಉದ್ದ, 3.05 ಮೀಟರ್ ಅಗಲದ ಜೇಡಿಮಣ್ಣಿನ ಹಾಸು. ಕಪ್ಪು ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ದೊಡ್ಡ ಬಿರುಕು ಬಿಡುತ್ತದೆ. ಕೆಂಪು ಮಣ್ಣು ಅಷ್ಟು ಉಬ್ಬುವುದಿಲ್ಲ, ಗಟ್ಟಿಯಾದರೆ ಚೆಂಡು ಚೆನ್ನಾಗಿ ಪುಟಿಯುತ್ತದೆ. ಮೇಲಿನ ಹುಲ್ಲು ನಮ್ಮ ಗರಿಕೆ ಅಥವಾ ಅದರ ಮಿಶ್ರತಳಿ. ಗರಿಕೆಯ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿದಿಡುತ್ತದೆ, ಜೊತೆಗೆ ಕೆಳಗಿನ ತೇವವನ್ನು ಎಲೆಯ ಮೂಲಕ ಹೊರಹಾಕಿ ಪಿಚ್ಚನ್ನು ಒಳಗಿನಿಂದ ಒಣಗಿಸುತ್ತದೆ. ಹುಲ್ಲು ಸತ್ತ ಪಿಚ್ ಮೇಲ್ಭಾಗದಲ್ಲಷ್ಟೇ ಒಣಗುತ್ತದೆ.

ಪಂದ್ಯಕ್ಕೆ ಸುಮಾರು ಏಳೆಂಟು ದಿನ ಮುಂಚೆ ಹುಲ್ಲು ಕತ್ತರಿಸಿ, ಸತ್ತ ಎಲೆಗಳನ್ನು ಗುಡಿಸಿ ತೆಗೆದು, ನೀರು ಕಟ್ಟುತ್ತಾರೆ. ನೀರು ಸುಮಾರು 10 ಸೆಂ.ಮೀ. ಆಳಕ್ಕೆ ಇಳಿಯಬೇಕು. ಆಮೇಲೆ ಕಾಯುವ ಕೆಲಸ. ಹೆಬ್ಬೆರಳು ಒತ್ತಿದರೆ ಗುಳಿ ಬೀಳಬೇಕು, ಮಣ್ಣು ಬೆರಳಿಗೆ ಅಂಟಬಾರದು. ಆಗ ಹಗುರ ರೋಲರ್ ಇಳಿಯುತ್ತದೆ. ಮುಂದಿನ ದಿನಗಳಲ್ಲಿ ರೋಲರ್‌ನ ತೂಕ ಏರುತ್ತಾ ಹೋಗುತ್ತದೆ, ನೀರು ಕಡಿಮೆಯಾಗುತ್ತಾ ಬರುತ್ತದೆ. ರೋಲರ್ ನಿಧಾನವಾಗಿ ಚಲಿಸಬೇಕು.

ಎಡವುವುದು ಎಲ್ಲಿ? ಮಣ್ಣು ಹಸಿಯಿದ್ದಾಗಲೇ ಭಾರದ ರೋಲರ್ ಹತ್ತಿಸಿದರೆ ಮಣ್ಣು ಅದರ ಮುಂದೆ ಅಲೆಯಂತೆ ಸರಿದು ಪಿಚ್ಚಿನ ಮೇಲೆ ಏರಿಳಿತ ಉಳಿಯುತ್ತದೆ. ತಡಮಾಡಿ, ಒಣಗಿದ ಮೇಲೆ ಉರುಳಿಸಿದರೆ ಮೇಲಿನ ಒಂದೆರಡು ಅಂಗುಲ ಮಾತ್ರ ಗಟ್ಟಿಯಾಗುತ್ತದೆ, ಕೆಳಗೆ ಸಡಿಲ. ಮೊದಲ ದಿನ ಚೆನ್ನಾಗಿ ಕಾಣುವ ಇಂಥ ಪಿಚ್ ಎರಡನೇ ದಿನ ಹಕ್ಕಳೆ ಏಳುತ್ತದೆ. ಇನ್ನೊಂದು ಗುಪ್ತರೋಗ ಪದರಗಳದ್ದು. ಪಂದ್ಯ ಮುಗಿದ ಮೇಲೆ ಬೌಲರ್‌ಗಳ ಕಾಲುಗುಳಿ ಮುಚ್ಚಲು ಕೈಗೆ ಸಿಕ್ಕ ಬೇರೆ ಮಣ್ಣು ತಂದು ಹರಡಿದರೆ ಎರಡು ಮಣ್ಣು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಅವೆರಡರ ನಡುವೆ ಅಡ್ಡ ಬಿರುಕು ಬಿಟ್ಟು, ಬೇರು ಆ ಗೆರೆಯಲ್ಲೇ ನಿಂತುಬಿಡುತ್ತದೆ. ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ ಏಳಲು ಇದೊಂದು ಮುಖ್ಯ ಕಾರಣ. ಕೊಳವೆಯಿಂದ ಮಣ್ಣಿನ ಕೋರ್ ತೆಗೆದು ನೋಡಿದರೆ ಪದರಗಳು ಬರಿಗಣ್ಣಿಗೆ ಕಾಣುತ್ತವೆ. ಕಳೆದ ಹತ್ತು ವರ್ಷ ಆ ಮೈದಾನದಲ್ಲಿ ಯಾರು ಯಾವ ಮಣ್ಣು ಸುರಿದರು ಎನ್ನುವ ಚರಿತ್ರೆಯೇ ಅಲ್ಲಿರುತ್ತದೆ.

ಹೊಸ ಮಣ್ಣು ತರಿಸುವಾಗ ಅದನ್ನು ಕಲಸಿ ಸಣ್ಣ ಉಂಡೆ ಮಾಡಿ, ಪೂರ್ತಿ ಒಣಗಿಸಿ, ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ನೋಡುವ ಪರೀಕ್ಷೆ ಇದೆ. ಬೇಗ ಪುಡಿಯಾಗುವ ಮಣ್ಣು ಪಿಚ್ಚಿಗೆ ಆಗದು.

ತಪ್ಪಿಗೆ ಬೆಲೆಯೂ ಇದೆ. 2022ರ ಮಾರ್ಚಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮತ್ತು ಶ್ರೀಲಂಕಾ ನಡುವಿನ ಹಗಲು ರಾತ್ರಿ ಟೆಸ್ಟ್ ಮೂರೇ ದಿನಕ್ಕೆ ಮುಗಿಯಿತು. ಮ್ಯಾಚ್ ರೆಫರಿ ಪಿಚ್ಚಿಗೆ 'ಸರಾಸರಿಗಿಂತ ಕೆಳಗೆ' ಎಂಬ ದರ್ಜೆ ಕೊಟ್ಟರು, ಮೈದಾನಕ್ಕೆ ಒಂದು ಡಿಮೆರಿಟ್ ಅಂಕ ಬಿತ್ತು. ಆ ರೆಫರಿ ಜಾವಗಲ್ ಶ್ರೀನಾಥ್, ಅದೇ ಮೈದಾನದಲ್ಲಿ ಬೆಳೆದ ಬೌಲರ್. ರೆಫರಿ ಕೆಲಸಕ್ಕೆ ಬೇಕಾದ ಗುಣ ಯಾವುದೆಂದು ಕೇಳುವವರಿಗೆ ಬೇರೆ ಉದಾಹರಣೆ ಬೇಡ.

ಈ ಕೆಲಸಕ್ಕೆ ಬಿಸಿಸಿಐ ಪ್ರಮಾಣಪತ್ರದ ಕೋರ್ಸ್ ಇದೆ, ಆದರೆ ಕಲಿಕೆ ಹಿರಿಯ ಕ್ಯುರೇಟರ್ ಕೈಕೆಳಗೆ. ಕನಕಪುರ ಕಡೆಯ ಜೆಸಿಂತಾ ಕಲ್ಯಾಣ್ ಕೆಎಸ್‌ಸಿಎ ಕಚೇರಿಗೆ ಬಂದದ್ದು ಸ್ವಾಗತಕಾರಿಣಿಯಾಗಿ. ಆಡಳಿತದ ಕೆಲಸ ಮಾಡಿ, ಮೈದಾನದ ಸಿಬ್ಬಂದಿಯ ಉಸ್ತುವಾರಿ ನೋಡುತ್ತಾ, ಹಿರಿಯ ಕ್ಯುರೇಟರ್ ಜಿ. ಕಸ್ತೂರಿರಂಗನ್ ಜೊತೆಯಲ್ಲಿ ಕಲಿತರು. 2024ರ ಮಹಿಳಾ ಪ್ರೀಮಿಯರ್ ಲೀಗ್‌ನ ಬೆಂಗಳೂರಿನ ಪಂದ್ಯಗಳಿಗೆ ಪಿಚ್ ಸಿದ್ಧಪಡಿಸುವ ಹೊಣೆ ಅವರದ್ದಾಗಿತ್ತು. ದೇಶದ ಮೊದಲ ಮಹಿಳಾ ಪಿಚ್ ಕ್ಯುರೇಟರ್ ಎಂದು ಅವರನ್ನು ಕರೆಯುತ್ತಾರೆ.

ದೇಹ ನೋಡಿಕೊಳ್ಳುವವರು

ಫಿಸಿಯೊಗೆ ಅಡ್ಡದಾರಿ ಇಲ್ಲ. ಬಿಪಿಟಿ ಪದವಿ ಬೇಕು, ಇತ್ತೀಚಿನವರೆಗೆ ಅದು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ್ದಾಗಿತ್ತು. ಮೇಲೆ ಎರಡು ವರ್ಷದ ಎಂಪಿಟಿ, ಕ್ರೀಡಾ ವಿಭಾಗದಲ್ಲಾದರೆ ಒಳ್ಳೆಯದು. ಟ್ರೈನರ್ ಅಂದರೆ ಬಲ ಮತ್ತು ಕ್ಷಮತೆಯ ಕೋಚ್ ಬೇರೆಯೇ ಹುದ್ದೆ. ಪದವಿಯ ಜೊತೆ ಈ ಕೆಲಸಕ್ಕೆಂದೇ ಇರುವ ಸಿಎಸ್‌ಸಿಎಸ್‌ನಂಥ ಪ್ರಮಾಣಪತ್ರ ಕೇಳುತ್ತಾರೆ. ಜಿಮ್ಮಿನಲ್ಲಿ ತರಬೇತಿ ಕೊಟ್ಟ ಅನುಭವ ಒಂದೇ ಸಾಲದು. ಯೋ-ಯೋ ಓಟ, 2 ಕಿ.ಮೀ. ಓಟ, 20, 40, 60 ಮೀಟರ್ ಹೋಗಿಬರುವುದನ್ನು ಬಿಡುವಿಲ್ಲದೆ ಐದು ಸುತ್ತು ಮಾಡಿಸುವ ಬ್ರಾಂಕೊ ಪರೀಕ್ಷೆ, ಇವನ್ನು ನಡೆಸುವುದು ಸುಲಭ. ಬಂದ ಅಂಕಿ ನೋಡಿ ಈ ವಾರ ಈ ವೇಗದ ಬೌಲರ್ ಎಷ್ಟು ಓವರ್ ಹಾಕಬೇಕು ಎಂದು ಹೇಳಿ, ಕ್ಯಾಪ್ಟನ್ ಬೇಡವೆಂದರೂ ಅದಕ್ಕೆ ಅಂಟಿಕೊಳ್ಳುವುದು ಕಷ್ಟ. ಎರಡು ವಾರ ಬೌಲಿಂಗೇ ಮಾಡದವನಿಗೆ ಒಂದೇ ಪಂದ್ಯದಲ್ಲಿ 40 ಓವರ್ ಕೊಟ್ಟರೆ ಬೆನ್ನೆಲುಬಿನ ಕೆಳಭಾಗ ಅದರ ಲೆಕ್ಕ ಕೇಳುತ್ತದೆ.

ಫಿಸಿಯೊ ಆಗುವವರು ನೆನಪಿಡಬೇಕಾದ ಪ್ರಕರಣ 2019ರದ್ದು. ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ ವೇಳೆ ಕೊಟ್ಟ ಮೂತ್ರದ ಮಾದರಿಯಲ್ಲಿ ಪೃಥ್ವಿ ಶಾ ಅವರಿಗೆ ಟರ್ಬುಟಲಿನ್ ಸಿಕ್ಕಿತು. ಮೆಡಿಕಲ್ ಶಾಪಿನಲ್ಲಿ ಸಿಗುವ ಕೆಮ್ಮಿನ ಸಿರಪ್ಪುಗಳಲ್ಲಿ ಇರುವ ಅಂಶ ಅದು. ಎಂಟು ತಿಂಗಳ ನಿಷೇಧ ಬಿತ್ತು. ಅದೇ ವರ್ಷ ಬಿಸಿಸಿಐ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ ವ್ಯಾಪ್ತಿಗೆ ಬಂತು. ನಿಷೇಧಿತ ಪದಾರ್ಥಗಳ ಪಟ್ಟಿ ಪ್ರತಿ ವರ್ಷ ಜನವರಿ 1ರಂದು ಬದಲಾಗುತ್ತದೆ. ತಂಡದ ಪ್ರತಿಯೊಬ್ಬರೂ ನುಂಗುವ ಪ್ರತಿ ಮಾತ್ರೆಯನ್ನು, ಅಮ್ಮ ಊರಿಂದ ಕಟ್ಟಿಕೊಟ್ಟ ಪುಡಿಯನ್ನೂ ಸೇರಿಸಿ, ಬರೆದಿಟ್ಟುಕೊಳ್ಳುವುದು ಫಿಸಿಯೊನ ದಿನಚರಿ. ಅಸ್ತಮಾದಂಥ ಕಾಯಿಲೆಗೆ ನಿಷೇಧಿತ ಔಷಧಿಯೇ ಬೇಕಾದರೆ ಮುಂಚಿತವಾಗಿ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಬೇಕು.

ಪರದೆಯ ಹಿಂದೆ

ವಿಡಿಯೊ ವಿಶ್ಲೇಷಕನ ಕೆಲಸಕ್ಕೆ ಎಂಜಿನಿಯರಿಂಗ್ ಹುಡುಗರ ಕಣ್ಣಿದೆ. ಕೆಲಸದ ಮುಕ್ಕಾಲು ಪಾಲು ಬೇಸರದ್ದು ಎಂದು ಮೊದಲೇ ಹೇಳಿಬಿಡುವೆ. ದಿನಕ್ಕೆ 90 ಓವರ್, 540 ಎಸೆತ. ಪ್ರತಿ ಎಸೆತಕ್ಕೂ ಬೌಲರ್, ಬ್ಯಾಟ್ಸ್‌ಮನ್, ವಿಕೆಟ್ಟಿನ ಯಾವ ಬದಿಯಿಂದ, ಉದ್ದ, ನೇರ, ಹೊಡೆತ, ಹೋದ ದಿಕ್ಕು, ಹಿಡಿತವಿತ್ತೇ ಇಲ್ಲವೇ, ಹೀಗೆ ಹನ್ನೆರಡು ಅಂಶ ದಾಖಲಿಸಿದರೆ ದಿನಕ್ಕೆ 6,480 ನಮೂದು. ಗುಡ್ ಲೆಂತ್ ಎಂದರೆ ಎಲ್ಲಿಂದ ಎಲ್ಲಿಗೆ ಎಂದು ಮೊದಲ ದಿನ ಒಂದು ಅಳತೆ ಇಟ್ಟುಕೊಂಡು, ಮೂರನೇ ದಿನ ದಣಿವಿನಲ್ಲಿ ಇನ್ನೊಂದು ಅಳತೆಯಲ್ಲಿ ಬರೆದರೆ ಆ ಅಂಕಿಯನ್ನು ಯಾರೂ ನಂಬಕೂಡದು. ಕ್ಯಾಮೆರಾ ಬೌಲರನ ತೋಳಿನ ನೇರಕ್ಕೆ ಇರಬೇಕು. ಪಕ್ಕಕ್ಕೆ ಒಂದಿಷ್ಟು ಸರಿದರೂ ಎಲ್ಲ ಚೆಂಡುಗಳೂ ಲೆಗ್ ಕಡೆ ಹೋದಂತೆ ಕಾಣುತ್ತವೆ. ಎರಡು ಹಾರ್ಡ್ ಡಿಸ್ಕ್, ಬಿಡಿ ಬ್ಯಾಟರಿ, ಉದ್ದದ ಎಕ್ಸ್‌ಟೆನ್ಷನ್ ವೈರು ಇಲ್ಲದೆ ಊರು ಬಿಡಬೇಡಿ.

ಉಳಿದ ಕಾಲುಪಾಲು, ಅಂದರೆ ಆಟಗಾರನಿಗೆ ಹೇಳುವುದು, ಅದರಲ್ಲೇ ಕೆಲಸ ಉಳಿಯುವುದೂ ಹೋಗುವುದೂ. ನಾಳೆ ಬೆಳಿಗ್ಗೆ ಬ್ಯಾಟ್ ಮಾಡಬೇಕಾದವನಿಗೆ ಹದಿನೈದು ಸ್ಲೈಡ್ ತೋರಿಸುವ ವಿಶ್ಲೇಷಕನನ್ನು ಅವನು ಎರಡನೇ ಸಲ ಹುಡುಕಿಕೊಂಡು ಬರುವುದಿಲ್ಲ. 'ಎಡಗೈ ಸ್ಪಿನ್ನರ್‌ಗೆ ನೀವು ಔಟಾದ ಎಲ್ಲ ಎಸೆತ ಇಲ್ಲಿವೆ' ಎಂದು ಎರಡು ನಿಮಿಷದ ವಿಡಿಯೊ ಕೊಟ್ಟು ಸುಮ್ಮನಾಗುವವನನ್ನು ಹುಡುಕುತ್ತಾರೆ.

ಇದರ ಪಕ್ಕದಲ್ಲಿ ಇತ್ತೀಚೆಗೆ ಹುಟ್ಟಿದ ಇನ್ನೊಂದು ಕೆಲಸ ಸೈಡ್‌ಆರ್ಮ್ ಎಸೆಯುವುದು. ಉದ್ದ ಹಿಡಿಯ ತುದಿಯ ಬಟ್ಟಲಿನಲ್ಲಿ ಚೆಂಡಿಟ್ಟು ಬೀಸಿದರೆ ಭುಜಕ್ಕೆ ಅಷ್ಟು ಹೊರೆ ಬೀಳದೆ ವೇಗದ ಬೌಲರನ ವೇಗ ಬರುತ್ತದೆ. ಕುಮಟಾದ ರಾಘವೇಂದ್ರ ಈ ಕಸುಬಿನಿಂದಲೇ ಭಾರತ ತಂಡದೊಂದಿಗೆ ವರ್ಷಗಟ್ಟಲೆ ದೇಶ ಸುತ್ತಿದವರು. ವೇಗದ ಬೌಲಿಂಗ್ ಎದುರಿಸುವುದು ಸುಧಾರಿಸಿದ್ದಕ್ಕೆ ಕೊಹ್ಲಿ ಬಹಿರಂಗವಾಗಿ ಅವರ ಹೆಸರು ಹೇಳಿದ್ದಾರೆ. ಈ ಕೆಲಸಕ್ಕೆ ಪರೀಕ್ಷೆಯೂ ಇಲ್ಲ, ಕೋರ್ಸೂ ಇಲ್ಲ.

ದುಡ್ಡು ಬರುವ ರೀತಿ

ಇಷ್ಟು ಹೊತ್ತು ಹೇಳಿದ ಶುಲ್ಕಗಳೆಲ್ಲ ದಿನದ ಲೆಕ್ಕದವು. 2022ರ ದರದಲ್ಲಿ ಬಿ ಗುಂಪಿನ ಅಂಪೈರ್‌ಗೆ ಪ್ರಥಮ ದರ್ಜೆಯ 30 ದಿನ ಸಿಕ್ಕರೆ 9 ಲಕ್ಷ, 10 ದಿನ ಸಿಕ್ಕರೆ 3 ಲಕ್ಷ. ದೇಶೀಯ ಋತು ಮಳೆಗಾಲ ಮುಗಿಯುವಾಗ ಶುರುವಾಗಿ ಬೇಸಿಗೆಯ ಬಾಗಿಲಲ್ಲಿ ಮುಗಿಯುತ್ತದೆ. ಐಪಿಎಲ್ ಸುಮಾರು ಎರಡು ತಿಂಗಳು, ಫ್ರಾಂಚೈಸಿಗಳ ಬಹುಪಾಲು ಕೆಲಸ ಆ ಋತುವಿನ ಒಪ್ಪಂದ ಅಷ್ಟೇ. ಉಳಿದ ತಿಂಗಳು ಮನೆ ನಡೆಯಬೇಕಲ್ಲ. ಆದ್ದರಿಂದ ಬ್ಯಾಂಕು, ರೈಲ್ವೆ, ಶಾಲೆಯ ದೈಹಿಕ ಶಿಕ್ಷಕರ ಹುದ್ದೆ, ಕ್ಲಿನಿಕ್, ಇಂಥ ಏನಾದರೊಂದು ಕೈಯಲ್ಲಿಟ್ಟುಕೊಂಡೇ ಹೆಚ್ಚಿನವರು ಮೇಲೆ ಬಂದಿರುವುದು. ರಜೆ ಕೊಡುವ ಮೇಲಧಿಕಾರಿ ಸಿಗುವುದು ಈ ವೃತ್ತಿಯಲ್ಲಿ ಅರ್ಧ ಅದೃಷ್ಟ.

ತೆರಿಗೆಯದ್ದು ಒಂದು ಮಾತು. 2008ರಲ್ಲೇ ಆಟಗಾರರು, ಅಂಪೈರ್‌ಗಳು, ಕೋಚ್ ಮತ್ತು ಟ್ರೈನರ್‌ಗಳು, ಫಿಸಿಯೊಗಳು, ವೀಕ್ಷಕ ವಿವರಣೆಗಾರರು ಇವರ ಶುಲ್ಕವನ್ನು ವೃತ್ತಿಪರ ಶುಲ್ಕವೆಂದು ಅಧಿಸೂಚನೆ ಮಾಡಲಾಗಿದೆ. ಹಾಗಾಗಿ ಶೇ 10 ಟಿಡಿಎಸ್ ಕಡಿದು ಉಳಿದದ್ದು ಖಾತೆಗೆ ಬರುತ್ತದೆ. ಕಡಿತವಾದದ್ದು ಆದಾಯ ತೆರಿಗೆ ಇಲಾಖೆಯ ಕಡಿತದ ಪಟ್ಟಿಯಲ್ಲಿ (26ಎಎಸ್) ನಿಮ್ಮ ಪ್ಯಾನ್‌ಗೆ ಬಿದ್ದಿದೆಯೇ ಎಂದು ಪ್ರತಿ ಮೂರು ತಿಂಗಳಿಗೆ ನೋಡಿಕೊಳ್ಳಿ, ಆದಾಯ ಕಡಿಮೆಯಿದ್ದರೂ ರಿಟರ್ನ್ಸ್ ಸಲ್ಲಿಸಿ. ಸಂಬಳದ ಚೀಟಿ ಇಲ್ಲದವರಿಗೆ ಗೃಹಸಾಲ ಕೊಡುವಾಗ ಬ್ಯಾಂಕು ಕೇಳುವುದು ಅದನ್ನೇ.

ಸಭಿಕರ ಪ್ರಶ್ನೆಗಳು

*ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಮಗನನ್ನು ಸೇರಿಸಬಹುದೇ? ಫೀಸು ಲಕ್ಷಗಳಲ್ಲಿದೆ.*

ಟಿಕೆಟ್, ಪ್ರಾಯೋಜಕರು, ಪ್ರಯಾಣ, ಆತಿಥ್ಯ, ಮಾಧ್ಯಮ, ಈ ಕಚೇರಿ ಕೆಲಸಗಳಿಗೆ ಅದು ಉಪಯೋಗಕ್ಕೆ ಬರಬಹುದು. ಸೇರಿಸುವ ಮುಂಚೆ ಎರಡು ಕೇಳಿ: ಕಳೆದ ಮೂರು ವರ್ಷ ಪಾಸಾದವರು ಈಗ ಎಲ್ಲಿ ಸಂಬಳಕ್ಕಿದ್ದಾರೆ, ಹೆಸರು ಸಮೇತ, ಇಂಟರ್ನ್‌ಶಿಪ್ಪಿಗೆ ಯಾವ ತಂಡ ಬರೆದುಕೊಟ್ಟಿದೆ. ಇವೆರಡಕ್ಕೂ ನೇರ ಉತ್ತರ ಕೊಡದ ಸಂಸ್ಥೆಗೆ ದುಡ್ಡು ಸುರಿಯಬೇಡಿ. ಅದಕ್ಕಿಂತ ಮೊದಲು ಹುಡುಗ ನಿಮ್ಮ ತಾಲೂಕಿನ ಒಂದು ಟೂರ್ನಿಯನ್ನು ನಡೆಸಿ ತೋರಿಸಲಿ. 16 ತಂಡಗಳ ವೇಳಾಪಟ್ಟಿ, ಮಳೆ ಬಂದರೆ ಏನು, ಚೆಂಡಿನ ಖರ್ಚು, ಆಂಬುಲೆನ್ಸ್, ಪೊಲೀಸ್ ಅನುಮತಿ. ಅದರಲ್ಲಿ ಅವನಿಗೆ ಖುಷಿ ಸಿಕ್ಕರೆ ಕೋರ್ಸಿನ ಮಾತು.

*ಹುಡುಗಿಯರಿಗೆ ಅವಕಾಶ ಇದೆಯೇ?*

2023ರ ಜನವರಿಯಲ್ಲಿ ವೃಂದಾ ರಾಥಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಪುರುಷರ ರಣಜಿಯಲ್ಲಿ ಅಂಪೈರ್‌ಗಳಾಗಿ ನಿಂತರು. ವೃಂದಾ ಶುರುಮಾಡಿದ್ದು ಸ್ಕೋರರ್ ಆಗಿ, ಜನನಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ಆಂಧ್ರದ ಜಿ.ಎಸ್. ಲಕ್ಷ್ಮಿ 2019ರಿಂದ ಐಸಿಸಿ ಮ್ಯಾಚ್ ರೆಫರಿ. ಮಹಿಳೆಯರ ಪಂದ್ಯಗಳು ಹೆಚ್ಚುತ್ತಿವೆ, ತಂಡದ ಜೊತೆ ಪ್ರಯಾಣಿಸಬಲ್ಲ ಮಹಿಳಾ ಫಿಸಿಯೊಗಳಿಗೆ ಬೇಡಿಕೆ ಇದೆ. ತೊಂದರೆ ಇಲ್ಲವೆಂದಲ್ಲ. ಲೀಗ್ ಮೈದಾನಗಳಲ್ಲಿ ಬಟ್ಟೆ ಬದಲಿಸಲು ಕೋಣೆ, ಸರಿಯಾದ ಶೌಚಾಲಯ ಈಗಲೂ ಎಲ್ಲ ಕಡೆ ಇಲ್ಲ. ಇದನ್ನು ಸಂಘಟಕರ ಮುಂದೆ ಲಿಖಿತವಾಗಿ ಇಡಬೇಕು.

*ನನಗೆ ನಲವತ್ತು ದಾಟಿದೆ, ಬ್ಯಾಂಕಿನಲ್ಲಿದ್ದೇನೆ. ಈಗ ಶುರುಮಾಡಬಹುದೇ?*

ಅಂಪೈರ್ ಆಗಿ ಮೇಲಿನ ಗುಂಪು ಮುಟ್ಟಲು ವರ್ಷಗಳು ಸಾಲದೆ ಹೋಗಬಹುದು. ಸ್ಕೋರರ್ ಆಗಲು ಏನೂ ತಡವಾಗಿಲ್ಲ, ಅದರಲ್ಲೂ ದಿನದ ಕೊನೆಗೆ ಲೆಕ್ಕ ತಾಳೆ ನೋಡಿ ಅಭ್ಯಾಸವಿರುವ ಬ್ಯಾಂಕಿನವರಿಗೆ. ಒಂದು ಸ್ಕೋರ್ ಪುಸ್ತಕ, ನಾಲ್ಕು ಬಣ್ಣದ ಪೆನ್ನು, ನಿಯಮಗಳ ಈಗಿನ ಆವೃತ್ತಿ ಇಷ್ಟು ಕೊಂಡುಕೊಳ್ಳಿ. ಮೊದಲ ಹತ್ತು ಪಂದ್ಯ ಟಿವಿ ಮುಂದೆ, ಪರದೆಯ ಮೇಲಿನ ಸ್ಕೋರನ್ನು ಕಾಗದ ಅಂಟಿಸಿ ಮುಚ್ಚಿ ಬರೆಯಿರಿ. ಇನಿಂಗ್ಸ್ ಮುಗಿದ ಮೇಲೆ ಕಾಗದ ತೆಗೆದು ನೋಡಿ. ಮೂರು ಪಂದ್ಯ ಸತತವಾಗಿ ತಾಳೆಯಾದರೆ ಹತ್ತಿರದ ಲೀಗ್ ಮೈದಾನಕ್ಕೆ ಹೋಗಿ ಅಲ್ಲಿನ ಸ್ಕೋರರ್ ಪಕ್ಕ ಕೂರಲು ಅನುಮತಿ ಕೇಳಿ. ಇಬ್ಬರಿರಬೇಕಾದ ಮೇಜಿನಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ, ಬೇಡ ಎನ್ನಲಿಕ್ಕಿಲ್ಲ.